ರಿಲೇ ರೂಮಿನ ನೀರು

ಅರಸೀಕೆರೆಯ ಬೋರಿನ ನೀರು
ಬಿಂದಿಗೆಗೆ ಬಿಳಿ ಉಡಿದಾರ ಕಟ್ಟುತ್ತದೆ.
ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ.
ಇನ್ನು ಇದು, ಗೇಣುದ್ದವೂ ಇಲ್ಲದ ಗಿಡ,
ಎಲೆತುದಿ ಸುಟ್ಟುಕೊಂಡು ಒಂದೇ ತಿಂಗಳಲ್ಲಿ ಹೇಳಿಬಿಟ್ಟಿತು
ಈ ಊರು ತನಗಾಗದು ಎಂದು.

ಹಾಗಾಗಿ ನೈಟ್ ಡ್ಯೂಟಿ ಮುಗಿಸಿ ಬರುವಾಗ
ಟೂಲ್ ಬ್ಯಾಗಿನಲ್ಲಿ, ಮಲ್ಟಿಮೀಟರಿನ ಪಕ್ಕ,
ಒಂದು ಬಾಟಲಿ:
ರಿಲೇ ರೂಮಿನ ಏಸಿ ರಾತ್ರಿಯಿಡೀ
ಹಿಂಗೋಡೆಯ ಪೈಪಿನಿಂದ ಹನಿಸಿದ್ದು.
ಉಪ್ಪಿಲ್ಲ, ಸುಣ್ಣವಿಲ್ಲ, ಯಾರ ಲೆಕ್ಕದಲ್ಲೂ ಇಲ್ಲ.

ಗಿಡ ಕೊಟ್ಟದ್ದು ಗಾರ್ಡ್ ಮಿನೇಜಸ್.
ರಿಟೈರಾಗುವ ವಾರ, ಊಟದ ಡಬ್ಬಿಯಲ್ಲಿ ಒದ್ದೆ ಪಾಚಿ ಹಾಸಿ,
ನಿದ್ದೆಹೋದ ಮಗುವನ್ನು ಇಳಿಸುವ ಹಾಗೆ
ಮೂರನೇ ಪ್ಲಾಟ್‌ಫಾರ್ಮಿನಲ್ಲಿ ಕೈಗಿತ್ತರು.
ಚೀಟಿಯಲ್ಲಿ ಹೆಸರು: ಪಾಫಿಯೋಪೆಡಿಲಮ್.
ನನ್ನ ಬಾಯಲ್ಲಿ ಅದು ಮೊದಲ ಸ್ಟೇಷನ್ನಿನಲ್ಲೇ ಇಳಿದು
ಪಾಪು ಆಯಿತು.
ಪಕ್ಕದ ಕ್ವಾರ್ಟರ್ಸಿನ ಸಿದ್ದಗಂಗಮ್ಮ
ಪಾಪಿ ಅಂತ ಕೇಳಿಸಿಕೊಂಡು
'ಅಯ್ಯೋ ಪಾಪ, ಏನು ಮಾಡಿತಪ್ಪ?' ಅಂದರು.

ಮಣ್ಣು ಬೇಡ ಇದಕ್ಕೆ. ತೆಂಗಿನ ಮಟ್ಟೆ ಸಾಕು,
ಅದೊಂದಕ್ಕೆ ಈ ಊರಲ್ಲಿ ಕೊರತೆಯಿಲ್ಲ.
ಅವರೆಕಾಳಿನಷ್ಟು ಕತ್ತರಿಸಿ, ಮೂರು ಸಲ ನೆನೆಸಿ,
ಕಂದು ನೀರು ಚೆಲ್ಲಿ, ಇದ್ದಿಲ ಚೂರು ಬೆರೆಸಬೇಕು.
ಬೇರಿಗೆ ಒದ್ದೆಯೂ ಬೇಕು, ಗಾಳಿಯೂ ಬೇಕು.
ಪೂರ್ವದ ಕಿಟಕಿ, ಹಳೇ ವೇಲಿನ ಪರದೆ.
ಗೂಡ್ಸು ಹಾದಾಗ ಕುಂಡ ನಡುಗುತ್ತದೆ;
ಅಭ್ಯಾಸವಾಗಿದೆ, ನಮ್ಮೆಲ್ಲರ ಹಾಗೆ.

ಮೊದಲ ಮೊಗ್ಗು ಹೋದದ್ದು ಬಾಳೆಗೊನೆಯಿಂದ.
ಗೌರಿಹಬ್ಬಕ್ಕೆಂದು ಕಿಟಕಿ ಪಕ್ಕವೇ ತೂಗುಹಾಕಿದ್ದೆ;
ಕಾಯಿ ಹಣ್ಣಾಗುವ ಉಸಿರಿಗೆ
ಮೊಗ್ಗು ಹಳದಿ ತಿರುಗಿ ಕುತ್ತಿಗೆ ಬಗ್ಗಿಸಿತು.
ಮಿನೇಜಸ್ ಫೋನಿನಲ್ಲಿ ನಕ್ಕರು:
'ಇನ್ನೊಂದು ವರ್ಷ ಲೂಪ್ ಲೈನಿನಲ್ಲಿ ನಿಲ್ಲಿ.'

ಎರಡನೇ ಸಲ ಹತ್ತು ದಿನ ಟ್ರೇನಿಂಗು.
ಕೀಲಿ ಸಿದ್ದಗಂಗಮ್ಮನ ಕೈಲಿ.
ದಿನಾ ಮಿಂದು ಬಂದು, ತುಳಸಿಗೆ ಎರೆದ ಹಾಗೆ
ನೆತ್ತಿಗೇ ಎರೆದಿದ್ದರು, ಭಕ್ತಿಯಿಂದ.
ಎಲೆಸಂದಿಯಲ್ಲಿ ನೀರು ನಿಂತು ಸುಳಿ ಕೊಳೆತಿತ್ತು,
ಮುಟ್ಟಿದರೆ ಕೈಗೇ ಬಂತು.
ಬೈಯಲು ಬಾಯಿ ತೆರೆದೆ. ಅವರ ಕಣ್ಣು ನೋಡಿ
ಪಲಾವಿನ ಡಬ್ಬಿ ತೆರೆದೆ:
ಚಕ್ಕೆ ಕುಟ್ಟಿ ಗಾಯಕ್ಕೆ ಮೆತ್ತಿದೆವು, ಇಬ್ಬರೂ ನೆಲಕ್ಕೆ ಕೂತು.
ಬುಡದ ಮಗ್ಗುಲಲ್ಲಿ ಉಗುರಿನಷ್ಟು ಹಸಿರು ಆಗಲೇ ಇತ್ತು,
ನಾವು ನೋಡಿರಲಿಲ್ಲ.

ಆಮೇಲೆ ಎರಡು ವರ್ಷ ಬರೀ ಎಲೆ.

ಆಮೇಲೆ, ಹೆಬ್ಬೆರಳಿನಷ್ಟೇ ದೊಡ್ಡ ಒಂದು ಚಪ್ಪಲಿ.
ಮುಡಿಗಲ್ಲ, ದೇವರಿಗಲ್ಲ.
'ಒಂಟಿಯಾ? ಇನ್ನೊಂದೆಲ್ಲಿ?' ಸಿದ್ದಗಂಗಮ್ಮ ಬಗ್ಗಿ ಹುಡುಕಿದರು.
ಮೇಲೆ ಹಸಿರು ಗೆರೆ, ಕೆಳಗೆ ಕಡುಗೆಂಪು ಚೀಲ.
ಹಸಿರು ಕೆಂಪು ಒಟ್ಟಿಗೆ ಉರಿದರೆ
ನಮ್ಮಲ್ಲಿ ಅದು ಫೇಲ್ಯೂರು. ಮೆಮೊ ಬರುತ್ತದೆ.

ಒಂದು ಬೆಳಿಗ್ಗೆ ಸಣ್ಣ ನೊಣ ಚೀಲಕ್ಕೆ ಜಾರಿತು.
ಬಂದ ಬಾಯಲ್ಲೇ ಹೊರಡಲು ಬಿಡದು ಆ ನುಣುಪು;
ಹಿಂದೆ ಇಕ್ಕಟ್ಟಿನ ಓಣಿ, ರೋಮದ ಮೆಟ್ಟಿಲು.
ರೂಟ್ ಸೆಟ್ ಆದ ಮೇಲೆ ಬೇರೆ ದಾರಿಯಿಲ್ಲ.
ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಮುಟ್ಟಲಿಲ್ಲ.
ಕಾಫಿ ಆರಿತು.
ಕೊನೆಗೆ ಹೊರಬಂತು, ಬೆನ್ನಿಗೆ ಹಳದಿ ಅಂಟು ಮೆತ್ತಿಸಿಕೊಂಡು:
ಇಡೀ ಊರಲ್ಲಿ ಇನ್ನೊಂದು ವಿಳಾಸವಿಲ್ಲದ ಪಾರ್ಸೆಲ್ಲು.

ಎಪ್ಪತ್ತೊಂದನೇ ದಿನ, ಸಂಜೆ, ಹೂ ಉದುರಿತು.
ಬಾಡದೆ, ಇಡಿಯಾಗಿ, ತಪ್ ಎಂದು.
ಸಿದ್ದಗಂಗಮ್ಮ ಎತ್ತಿ ತಂದು, ಬಾಗಿಲ ಬಳಿ
ನನ್ನ ಸೇಫ್ಟಿ ಶೂ ಪಕ್ಕ ಇಟ್ಟರು,
ಮೂರನೇ ಕಾಲಿಗೆ.

ಒಂದು ಎಲೆಗುಚ್ಛ ಹೂ ಬಿಡುವುದು ಒಂದೇ ಸಲವಂತೆ.
ಫೇಲ್ಯೂರ್ ರಿಜಿಸ್ಟರಿನ ಅಭ್ಯಾಸ, ಕ್ಯಾಲೆಂಡರಿನಲ್ಲಿ ಬರೆದೆ:
ಸಮಯ, ಆರು ನಲವತ್ತು.
ಕಾರಣ, ಇಲ್ಲ.
ಸರಿಪಡಿಸಿದ್ದು,
ಅಲ್ಲಿ ಪೆನ್ನು ನಿಂತಿತು.
ಖಾಲಿ ಬಾಟಲಿ ಬ್ಯಾಗಿಗೆ ತುರುಕಿಕೊಂಡು
ಡ್ಯೂಟಿಗೆ ಹೊರಟೆ.